ಮಂಗಳಾರತಿಯ ನಡುವೆ ಕೇಳಿದ ಸದ್ದು

ಗೆಳೆಯರೇ, ಮೈ ಇನ್ನೂ ಜುಮ್ಮೆನ್ನುತ್ತಿದೆ.

ಇವತ್ತು ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲಿ ಆಯುಧಪೂಜೆ. ಮಂಗಳಾರತಿಯ ಹೊತ್ತಿಗೆ ಪ್ರತಿ ಮಷೀನನ್ನೂ ಒಂದು ನಿಮಿಷ ಓಡಿಸುವುದು ನಮ್ಮಲ್ಲಿ ವಾಡಿಕೆ. ಕಬ್ಬಿಣ ಕಡೆಯುವ ದೊಡ್ಡ ಲೇತ್ ತಿರುಗುತ್ತಿತ್ತು. ಗಂಟೆ, ಜಾಗಟೆ, ಅದರ ಮೇಲೆ ಪ್ಯಾಕಿಂಗ್‌ನವರ ತಮಟೆ. ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಲೇತಿನ ಎದುರಿಗೇ ನಮ್ಮ ಸರೋಜಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದರು.

ದೂರದಲ್ಲಿ ಗೋಡೆಗೊರಗಿದ್ದ ಹಳೇ ಆಪರೇಟರ್ ಚಂದ್ರಣ್ಣ ಇದ್ದಕ್ಕಿದ್ದಂತೆ "ನಿಲ್ಸ್ರೋ! ಸರೋಜಾ, ಈಚೆ ಬಾರಮ್ಮ!" ಅಂತ ಕೂಗುತ್ತಾ ಓಡಿಬಂದು ಸ್ವಿಚ್ ಆರಿಸಿದರು.

ಮ್ಯಾನೇಜರ್ ಮುಖ ಕೆಂಪಾಯಿತು. "ಆರತಿ ಮಧ್ಯೆ ಆಫ್ ಮಾಡ್ತಾರೇನ್ರೀ? ಅಪಶಕುನ!"

"ಒಳಗೆ ಟಿಕ್ ಟಿಕ್ ಅಂತೈತೆ ಸಾರ್."

"ಇಷ್ಟು ಗಲಾಟೇಲಿ ನಿಮಗೊಬ್ರಿಗೇ ಕೇಳಿಸ್ತಾ?"

ಚಂದ್ರಣ್ಣ ನಿಂತ ಲೇತಿಗೆ ಕೈಹಾಕಿದರು. ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಉಕ್ಕಿನ ದವಡೆ ಅವರ ಬೆರಳಿಗೇ ಅಲ್ಲಾಡಿತು. ಇನ್ನೊಂದು ಗಳಿಗೆ ತಿರುಗಿದ್ದರೆ ಅದು ಹಾರಿ ನೇರ ಸರೋಜಕ್ಕನ ಎದೆಗೆ. ಯಾರೋ ಬೋಲ್ಟು ಬಿಗಿದಿರಲಿಲ್ಲ. ಯಾರೋ ಏನು, ಪೂಜೆಗೆ ಫಳಫಳ ಹೊಳೆಯಲಿ ಅಂತ ನಿನ್ನೆ ಅದನ್ನು ಬಿಚ್ಚಿ ಒರೆಸಿದವನು ನಾನೇ.

ತಮಟೆ ನಿಂತೇ ಹೋಯಿತು. ಮ್ಯಾನೇಜರ್ ತಟ್ಟೆಯಿಂದ ಕುಂಕುಮ ತೆಗೆದು ಚಂದ್ರಣ್ಣನ ಎರಡೂ ಕಿವಿಗೆ ಹಚ್ಚಿದರು. ಎಲ್ಲರೂ ಕೈಮುಗಿದೆವು.

"ಅಯ್ಯೋ, ಕಚಗುಳಿ ಆಯ್ತದೆ ಸಾರ್" ಅಂದರು ಅವರು.

ನಾನು ತಲೆತಗ್ಗಿಸಿ ಸ್ಪ್ಯಾನರ್ ತರಲು ಹೋದೆ. ಪೂಜೆಗಿಟ್ಟ ಸ್ಪ್ಯಾನರನ್ನು ನಾಳೆವರೆಗೂ ಮುಟ್ಟುವಂತಿಲ್ಲವಂತೆ. ಅಲ್ಲಿಯವರೆಗೆ ಸರೋಜಕ್ಕನ ಕೈಲಿ ಬೈಸಿಕೊಳ್ಳುವುದೊಂದೇ ನನಗಿರುವ ಕೆಲಸ.