ಬರಿಗಾಲಿನ ಮಾವನವರು

ಈಚೆಗೆ ಛತ್ರಪತಿ ಸಂಭಾಜಿನಗರದಲ್ಲಿ ಹಳೆಯ ಫೋಟೋಗಳ ಪ್ರದರ್ಶನವೊಂದು ನಡೆಯಿತು. ಹಳ್ಳಿ, ಸಂತೆ, ಸಣ್ಣ ಊರುಗಳ ಜನಜೀವನ ಎಂದು ಬಾಗಿಲಲ್ಲಿ ಬರೆದಿದ್ದರು. ಅದಕ್ಕಾಗಿ ಮನೆಮನೆ ತಿರುಗಿ ಫೋಟೋ ಕೂಡಿಸುತ್ತಿದ್ದ ಹುಡುಗಿ ನಾಸಿಕ್ ರೋಡಿನ ನಮ್ಮ ಮನೆಯಿಂದಲೂ ಒಂದನ್ನು ಒಯ್ದಿದ್ದಳು. ಹೋಗಿ ನೋಡಿದರೆ ನಮ್ಮ ಮಾವನವರು ಆಳೆತ್ತರವಾಗಿ ಗಾಜಿನ ಹಿಂದೆ ನಿಂತಿದ್ದರು. ತಲೆಗೆ ರುಮಾಲು, ಹಣೆಗೆ ವಿಭೂತಿ, ಮೈಮೇಲೆ ಕರಿಕೋಟು, ಕೆಳಗೆ ಬರಿಗಾಲು. ಪಕ್ಕದಲ್ಲಿ ಒಂದು ಚೀಟಿ: ಹಿಂದಿನ ಕಾಲದ ಸಣ್ಣ ಊರಿನ ವ್ಯಾಪಾರಿ, ಕೋಟು ತೊಟ್ಟರೂ ಬರಿಗಾಲಲ್ಲಿ ನಿಂತಿರುವುದು ಆ ತಲೆಮಾರಿನ ಸರಳತೆಗೆ ಸಾಕ್ಷಿ.

ಕಾಲೇಜು ಹುಡುಗಿಯರಿಬ್ಬರು ಅದರ ಮುಂದೆ ನಿಂತು, ಇಂಥ ಗಂಭೀರ ಮುಖಗಳು ಈಗೆಲ್ಲಿ ಸಿಗುತ್ತವೆ ಎಂದು ಮರಾಠಿಯಲ್ಲಿ ಮಾತಾಡಿಕೊಂಡರು. ಆ ಗಂಭೀರ ಮುಖ ಅವರ ಬೆನ್ನ ಹಿಂದೆಯೇ ಕೋಲೂರಿ ನಿಂತು, ಇಲ್ಲಿ ಚಹಾ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಪೀಡಿಸುತ್ತಿತ್ತು. ಫೋಟೋದಲ್ಲಿ ಇರುವವರು ಮಾವನವರಲ್ಲ, ನನ್ನ ಗಂಡ. ಚೀಟಿ ಬರೆದವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಇಷ್ಟು ವರ್ಷ ಕಾಪಾಡಿದ ತಮಾಷೆಯನ್ನು ಚಹಾ ಕುಡಿಯುವ ಅವಸರದಲ್ಲಿ ಯಾಕೆ ಕೆಡಿಸಲಿ?

ನಾನು ಬೀದರ್ ಕಡೆಯ ಹಳ್ಳಿಯಿಂದ ಮದುವೆಯಾಗಿ ನಾಸಿಕ್ ರೋಡಿಗೆ ಬಂದದ್ದು ಎಪ್ಪತ್ತರ ಆಸುಪಾಸಿನಲ್ಲಿ. ಸ್ಟೇಷನ್ ದಾರಿಯಲ್ಲಿ ಗಂಡನದು ಬೆಲ್ಲ, ಎಣ್ಣೆಯ ಅಂಗಡಿ. ಮನೆಯಲ್ಲಿ ಅತ್ತೆ, ಗಂಡ, ನಾನು, ಮೂರೇ ಜನ. ಆದರೆ ರಿವಾಜುಗಳು ಮಾತ್ರ ಮೂವತ್ತು ಜನರ ಮನೆಗೆ ಸಾಲುವಷ್ಟಿದ್ದವು. ಅತ್ತೆಯ ಮುಂದೆ ಸೆರಗು ಮೂಗಿನವರೆಗೆ ಇರಬೇಕು. ಅವರೆದುರು ಗಂಡನನ್ನು ಮಾತಾಡಿಸಬಾರದು, ತಲೆಯೆತ್ತಿ ನೋಡಬಾರದು. ಅತ್ತೆ ಕೆಟ್ಟವರೇನಲ್ಲ. ಅವರ ಅತ್ತೆ ಅವರಿಂದ ಮಾಡಿಸಿದ್ದನ್ನು ಅವರು ನನ್ನಿಂದ ಮಾಡಿಸುತ್ತಿದ್ದರು.

ಗಂಡ ಕತ್ತಲಿರುವಾಗಲೇ ಅಂಗಡಿಗೆ ಹೋಗುವವರು. ಮಧ್ಯಾಹ್ನ ಊಟಕ್ಕೆ ಬಂದರೆ ಅತ್ತೆ ಎದುರಿಗೇ ಕೂತಿರುತ್ತಿದ್ದರು. ರಾತ್ರಿ ಕೋಣೆಯ ದೀಪದ ಬೆಳಕು ಬಾಗಿಲ ಸಂದಿನಿಂದ ತಾಯಿಯ ಮೇಲೆ ಬೀಳುತ್ತದೆಂದು ಬಂದ ಕೂಡಲೇ ಆರಿಸಿಬಿಡುತ್ತಿದ್ದರು. ಮದುವೆಯ ದಿನವಾದರೂ ನೋಡೋಣವೆಂದರೆ ಬಾಸಿಂಗ ಅಡ್ಡ ಬಂದಿತ್ತು. ಗಂಡನ ಮುಖ ಹೇಗಿದೆ ಎಂದು ತವರಿನ ಗೆಳತಿಯರು ಕೇಳಿದಾಗ ನಾನು ಮೀಸೆ ಇದೆ ಎಂದಷ್ಟೇ ಹೇಳಿ ನಗೆಪಾಟಲಾಗಿದ್ದೆ.

ಅತ್ತೆಗೆ ಇದ್ದದ್ದು ಒಂದೇ ಆಸೆ. ಮಗ ತೊಟ್ಟಿಲಲ್ಲಿದ್ದಾಗಲೇ ಮಾವನವರು ಜ್ವರ ಬಂದು ತೀರಿಕೊಂಡಿದ್ದರು. ಅವರದೊಂದು ಫೋಟೋ ಇರಲಿಲ್ಲ. ವರ್ಷಕ್ಕೊಮ್ಮೆ ಅವರ ದಿನ ಬಂದಾಗ ಮಣೆಯ ಮೇಲೆ ಅವರ ರುಮಾಲು ಇಟ್ಟು ಹೂ ಏರಿಸುತ್ತಿದ್ದರು. ಪಕ್ಕದ ಮರಾಠಿ ಮನೆಯ ಗೋಡೆಯ ತುಂಬ ತೀರಿಹೋದವರ ಫೋಟೋ. ಅಲ್ಲಿಗೆ ಅರಿಸಿನ ಕುಂಕುಮಕ್ಕೆ ಹೋಗಿ ಬಂದಾಗಲೆಲ್ಲ ಅತ್ತೆಯ ಮುಖ ಸಣ್ಣದಾಗುತ್ತಿತ್ತು.

"ಬಟ್ಟಿಗಿ ಎಷ್ಟ್ ವರ್ಷ ಕೈ ಮುಗೀಲೋ? ನಾ ಕಣ್ಣು ಮುಚ್ಚೂದ್ರೊಳಗ ಅವರನ್ನ ಒಮ್ಮಿ ನೋಡಬೇಕು" ಎಂದು ಮಗನ ಬೆನ್ನು ಹತ್ತಿದರು.

ಆಗ ಔರಂಗಾಬಾದ್ ಎನ್ನುತ್ತಿದ್ದ, ಈಗ ಪ್ರದರ್ಶನ ನಡೆದ ಊರಿನಲ್ಲಿ ಸತ್ತವರನ್ನು ಎಬ್ಬಿಸುವ ಸ್ಟುಡಿಯೋ ಒಂದಿದೆ ಎಂದು ಅಂಗಡಿಗೆ ಬಂದ ಗಿರಾಕಿಯೊಬ್ಬರು ಹೇಳಿದರು. ತೀರಿಹೋದವರನ್ನು ಹೋಲುವ ಒಬ್ಬರನ್ನು ಅವರದೇ ಬಟ್ಟೆ ತೊಡಿಸಿ ಫೋಟೋ ತೆಗೆಯುವುದು, ಆಮೇಲೆ ಮನೆಯವರು ಹೇಳಿದಂತೆ ಮೂಗು, ಕಣ್ಣು, ಕೂದಲನ್ನು ಕುಂಚದಿಂದ ತಿದ್ದುವುದು. ಹೇಗೂ ಅಲ್ಲೇ ಹತ್ತಿರದ ವೇರೂಳಿನ ಜ್ಯೋತಿರ್ಲಿಂಗದ ದರ್ಶನವೂ ಆಗುತ್ತದೆಂದು ಮೂವರೂ ಹೊರಟೆವು. ಮನ್ಮಾಡಿನಲ್ಲಿ ಇಳಿದು ಸಣ್ಣ ಹಳಿಯ ರೈಲು ಹತ್ತಬೇಕು. ದಾರಿಯುದ್ದಕ್ಕೂ ಅತ್ತೆ ಆ ರುಮಾಲಿನ ಗಂಟನ್ನು ತೊಡೆಯಿಂದ ಇಳಿಸಲಿಲ್ಲ.

ಸ್ಟುಡಿಯೋದಲ್ಲಿ ಗೋಡೆಗೆ ಕೆರೆ, ಅರಮನೆ, ಮೆಟ್ಟಿಲು ಬರೆದ ಪರದೆ. ಅದರ ಮುಂದೆ ನನ್ನ ಗಂಡ ಅಪ್ಪನ ರುಮಾಲು ಸುತ್ತಿ, ಸ್ಟುಡಿಯೋದವರ ಕೋಟು ತೊಟ್ಟು ನಿಂತರು. ಫೋಟೋದವರು ಪೆನ್ಸಿಲ್ ಹಿಡಿದು ಅತ್ತೆಯ ಮುಂದೆ ಕೂತರು.

"ಬೋಲೋ ಅಮ್ಮಾ, ನಾಕ್ ಕೈಸೀ ಥೀ?"

"ಮೂಗು ಇವನಂಗೇ ಇತ್ತು" ಎಂದರು ಅತ್ತೆ.

"ಔರ್ ಆಂಖ್?"

"ಕಣ್ಣೂ ಇವನಂಗೇ."

"ಮೂಛ್?"

ಮೀಸೆ ಎಂದಾಗ ಅತ್ತೆ ಸ್ವಲ್ಪ ಯೋಚಿಸಿ, "ನಿಮಗ ಹ್ಯಾಂಗ ಚಂದ ಕಾಣ್ತದ ಹಂಗ ಮಾಡ್ರಿ" ಎಂದರು.

ಫೋಟೋದವರಿಗೆ ಖುಷಿಯೋ ಖುಷಿ. ಇಷ್ಟು ಸುಲಭದ ಗಿರಾಕಿ ಯಾವತ್ತೂ ಬಂದಿರಲಿಲ್ಲವೆಂದು ಕಾಣುತ್ತದೆ. ಆದರೆ ಅವರು ಗಂಡನ ಕಾಲಿಗೆ ಸ್ಟುಡಿಯೋದ ಬೂಟು ತೊಡಿಸಹೋದದ್ದೇ ತಡ, ಅತ್ತೆ ಎದ್ದು ನಿಂತರು. ಬೂಟು ಬೇಡ, ಕಾಲು ಬರಿದೇ ಇರಬೇಕು, ಪೂರ್ತಿ ಕಾಣಬೇಕು. ಕೋಟಿಗೆ ಬರಿಗಾಲು ಚೆಂದ ಕಾಣುವುದಿಲ್ಲ ಎಂದು ಅವರು, ಚೆಂದ ಯಾರಿಗೆ ಬೇಕಾಗಿದೆ ಎಂದು ಇವರು. ಕೊನೆಗೆ ಅವರು ಕೈ ಮುಗಿದು ಬೂಟು ಒಳಗಿಟ್ಟರು.

ಅಲ್ಲಿಗೂ ಮುಗಿಯಲಿಲ್ಲ. ಹೆಬ್ಬೆರಳ ಪಕ್ಕದ ಬೆರಳು ಹೆಬ್ಬೆರಳಿಗಿಂತ ಉದ್ದ ಇರಲಿ. ಎಡಗಾಲಿನ ಕಿರುಬೆರಳು ಒಳಕ್ಕೆ ಮಡಚಿಕೊಂಡಿರಲಿ. ಬಲಗಾಲಿನ ಹರಡಿನ ಮೇಲೆ ಗಾಡಿಯ ಗಾಲಿ ಬಡಿದ ಕಲೆ, ಹುಣಸೆಬೀಜದಷ್ಟು, ಅದಕ್ಕಿಂತ ದೊಡ್ಡದು ಬೇಡ. ಫೋಟೋದವರು ನನ್ನ ಗಂಡನ ಕಡೆ ನೋಡಿ, ಎಲ್ಲರೂ ಮುಖ ಬೆಳ್ಳಗೆ ಮಾಡಿ ಅನ್ನುತ್ತಾರೆ, ನಿಮ್ಮ ತಾಯಿ ಬೆರಳು ತಿದ್ದಿಸುತ್ತಿದ್ದಾರಲ್ಲ ಎಂದು ಹಿಂದಿಯಲ್ಲಿ ಗೋಳು ತೋಡಿಕೊಂಡರು. ಆಮೇಲೆ ಫೋಟೋ ನೋಡಿ ತಿಳಿದದ್ದು, ಗಂಡ ನಗು ತಡೆಯಲು ತುಟಿ ಕಚ್ಚಿಕೊಂಡ ಹೊತ್ತಿಗೇ ಕ್ಯಾಮೆರಾ ಕ್ಲಿಕ್ಕೆಂದಿತು. ಆ ಕಚ್ಚಿಕೊಂಡ ತುಟಿಯನ್ನೇ ಈಗ ಜನ ಗಾಂಭೀರ್ಯ ಎನ್ನುತ್ತಿದ್ದಾರೆ. ನಾನಂತೂ ಸೆರಗಿನೊಳಗೇ ನಕ್ಕು ನಕ್ಕು ಸುಸ್ತಾದೆ. ಅತ್ತೆಗೆ ಅರಳುಮರಳು ಶುರುವಾಯಿತು ಎಂದುಕೊಂಡೆ.

ಫೋಟೋ ಬಂತು, ಗೋಡೆ ಏರಿತು. ಮಗ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿರುವಾಗ ಅದಕ್ಕೆ ಹಾರ ಹಾಕುವುದು ಹೇಗೆ? ಹಾರ ಬೇಡ, ಚೌಕಟ್ಟಿನ ಕೆಳಗಿನ ಪಟ್ಟಿಯ ಮೇಲೆ ಹೂ ಇಟ್ಟರೆ ಸಾಕು ಎಂದು ತೀರ್ಮಾನವಾಯಿತು. ಹೂ ಇಡುವ ಕೆಲಸ ನನ್ನದು.

ಇಲ್ಲಿಂದ ನನ್ನ ಸುಗ್ಗಿ ಶುರುವಾಯಿತು. ಬೆಳಿಗ್ಗೆ ಸ್ನಾನ ಮಾಡಿ, ಹೂ ಇಟ್ಟು, ಕೈ ಮುಗಿದು, ಮಾವನವರೆಂಬ ನನ್ನ ಗಂಡನನ್ನು ಮನಸಾರೆ ನೋಡುತ್ತಿದ್ದೆ. ಯಾರೂ ಬೇಡ ಎನ್ನುವಂತಿಲ್ಲ. ಎಡಗಡೆಯ ಹುಬ್ಬಿನ ಕೆಳಗೆ ಒಂದು ಮಚ್ಚೆ ಇದೆ ಎಂದು ಗೊತ್ತಾಯಿತು. ಕಿವಿ ಸ್ವಲ್ಪ ಅಗಲ. ಗದ್ದದಲ್ಲಿ ಸಣ್ಣ ಕುಳಿ. ನನಗೆ ಆ ಮುಖ ಬಹಳ ಇಷ್ಟವಾಯಿತು. ಮದುವೆಯಾಗಿ ವರ್ಷವಾಗುತ್ತ ಬಂದಾಗ ಗಂಡನ ಮೇಲೆ ಮನಸ್ಸಾಯಿತು, ಅದೂ ಮಾವನ ಹೆಸರಿನಲ್ಲಿ.

ಅತ್ತೆ ಪಕ್ಕದ ಮನೆಯವರ ಮುಂದೆ, "ನಮ್ಮ ಸೊಸಿ ಭಾರಿ ಭಕ್ತಿವಂತಿ, ಮಾವ್ನೋರ ಮುಂದ ನಿಂತ್ರ ಮೈಮ್ಯಾಲ ಖಬರ್ ಇರಂಗಿಲ್ಲ" ಎಂದು ಹೇಳಿಕೊಂಡದ್ದು ನನ್ನ ಕಿವಿಗೂ ಬಿತ್ತು. ಅವತ್ತಿನಿಂದ ಇನ್ನಷ್ಟು ಹೊತ್ತು ನಿಲ್ಲತೊಡಗಿದೆ. ಒಂದೇ ಒಂದು ಕಿರಿಕಿರಿ ಎಂದರೆ, ನಾನು ಇಟ್ಟ ಹೂಗಳನ್ನು ಅತ್ತೆ ದಿನಾ ಬಂದು ಎರಡೂ ಬದಿಗೆ ಸರಿಸುತ್ತಿದ್ದರು. ನಡುವೆ ಇಟ್ಟರೆ ಇವರಿಗೇನು ಕಷ್ಟ ಎಂದು ಒಳಗೊಳಗೇ ಗೊಣಗುತ್ತಿದ್ದೆ.

ಒಂದು ಮಧ್ಯಾಹ್ನ ಒಲೆಯ ಮೇಲೆ ಹಾಲಿಟ್ಟು ಬಂದು ಫೋಟೋದ ಮುಂದೆ ನಿಂತವಳಿಗೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಬೆನ್ನ ಹಿಂದೆ ಅತ್ತೆಯ ದನಿ ಕೇಳಿತು.

"ಹಾಲೆಲ್ಲ ಹೋತು. ಏನ್ ನೋಡ್ಲಕತ್ತಿ ಯವ್ವಾ?"

"ಮಾವ್ನೋರಿಗಿ ಕೈ ಮುಗೀಲಕತ್ತಿದ್ದೆರಿ ಅತ್ತಿ."

"ಸುಳ್ಳ ಹೇಳಬ್ಯಾಡ. ನೀ ನಿನ್ನ ಗಂಡನ್ನ ನೋಡ್ಲಕತ್ತಿ."

ಬೈಗುಳ ಬರುತ್ತದೆಂದು ಸೆರಗು ಇನ್ನಷ್ಟು ಎಳೆದುಕೊಂಡೆ. ಅತ್ತೆ ಬೈಯಲಿಲ್ಲ. ಬಂದು ನನ್ನ ಪಕ್ಕದಲ್ಲಿ ನಿಂತು, ಎಂದಿನಂತೆ ಹೂ ಸರಿಸಿದರು. ಆ ಬರಿಗಾಲು ಕಾಣಿಸಿತು.

"ನಾನೂ ನಿನ್ನಂಗೇ ಸೆರಗ ಎಳಕೊಂಡು ಬದುಕಿದಾಕಿ" ಎಂದರು. "ನಮ್ಮತ್ತಿ ಭಾಳ ಕಡಕ್. ನಿಮ್ಮ ಮಾವ್ನೋರು ಹೊರಗಿಂದ ಬಂದ್ರ ಕಾಲಿಗಿ ನೀರು ಕೊಡ್ತಿದ್ದೆ. ಊಟಕ್ಕ ಕುಂತ್ರ ಬಗ್ಗಿ ನೀಡ್ತಿದ್ದೆ. ಕಾಲಷ್ಟೇ ಕಾಣ್ತಿದ್ವು. ಮಾರಿ ನಾಳಿ ನೋಡಿದ್ರಾತು, ಅತ್ತಿ ಇಲ್ಲದಾಗ ನೋಡಿದ್ರಾತು ಅಂತ ಬಿಟ್ಟೆ. ಅವ್ರು ಹೋದ ದಿವ್ಸ ಎಲ್ಲಾರೂ ನೋಡು ನೋಡು ಅಂದ್ರು. ನೋಡ್ದೆ. ಅದು ಸತ್ತವರ ಮಾರಿ, ಅವರದಲ್ಲ."

ನನಗೆ ಸ್ಟುಡಿಯೋದ ಪೆನ್ಸಿಲ್ ನೆನಪಾಯಿತು. ಮೂಗು ಹೇಗಿತ್ತು ಎಂದು ಅವರು ಕೇಳಿದಾಗ ಅತ್ತೆ ಏನು ತಾನೇ ಹೇಳಿಯಾರು? ನಾನು ನಕ್ಕಿದ್ದೆ.

"ಮ್ಯಾಲಿಂದು ನನ್ನ ಮಗನ ಮಾರಿ" ಎಂದರು ಅತ್ತೆ, ಗಾಜಿನ ಮೇಲೆ ಬೆರಳಿಟ್ಟು. "ಕೆಳಗಿನವು ನನ್ನ ಗಂಡನ ಕಾಲು. ನಾ ಅವನ್ನ ನೋಡ್ತೀನಿ."

ಅಷ್ಟರಲ್ಲಿ ಗಂಡ ಊಟಕ್ಕೆ ಬಂದರು. ನಾನು ತಾಟು ಇಟ್ಟು ಬಗ್ಗಿದಾಗ ಅತ್ತೆ ಹಿಂದಿನಿಂದ ಬಂದು ನನ್ನ ಸೆರಗನ್ನು ಹಿಡಿದು ಹೆಗಲಿಗೆ ಎಳೆದುಬಿಟ್ಟರು. ಇಷ್ಟು ದಿನ ಕಾವಲಿಗೆಂದು ಮಗನೆದುರು ಕೂರುತ್ತಿದ್ದ ಅವರು ಮಣೆ ಎಳೆದುಕೊಂಡು ಫೋಟೋದ ಕಡೆ ಮುಖ ಮಾಡಿ ಕೂತರು.

ನಾನು ತಲೆ ಎತ್ತಿದೆ. ಹುಬ್ಬಿನ ಕೆಳಗಿನ ಮಚ್ಚೆ ಇತ್ತು. ಗದ್ದದ ಕುಳಿಯೂ ಇತ್ತು. ಆದರೆ ಈ ಮುಖ ಹೆದರಿಕೊಂಡು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

"ಯವ್ವಾ, ಇಕಿಗೇನಾಗ್ಯಾದ? ಹಿಂಗ್ಯಾಕ ನೋಡ್ಲಕತ್ತಾಳ?" ಎಂದರು ಗಂಡ.

"ನೋಡ್ಲಿ ಬಿಡು. ನಿನ್ನ ಮಾರಿ ಏನ್ ಸವೀತದೇನು?" ಎಂದರು ಅತ್ತೆ, ಆ ಕಾಲುಗಳಿಂದ ಕಣ್ಣು ಕೀಳದೆ.