ಕೊಳಕ್ಕೆ ಬೈತಲೆ ತೆಗೆದವಳು

ಕಾಗದದ ಕಾರ್ಖಾನೆಯ ಹಿಂದೆ ಒಂದು ಕೊಳವಿತ್ತು. ಕಾರ್ಖಾನೆಯ ಕೊಳೆನೀರು ಅಲ್ಲಿ ನಿಂತು, ತಿಳಿಯಾಗಿ, ಆಮೇಲೆ ಹಳ್ಳಕ್ಕೆ ಹೋಗಬೇಕು. ತಿಳಿ ಮಾಡುತ್ತಿದ್ದದ್ದು ಯಂತ್ರವಲ್ಲ, ಬಾತಿನ ಸೊಪ್ಪು. ಎಳ್ಳಿಗಿಂತ ತುಸು ದೊಡ್ಡದಾದ ಹಸಿರೆಲೆ, ಕೆಳಗೆ ಕೂದಲೆಳೆಯಂಥ ಬೇರು; ನೆಲದ ಹಂಗಿಲ್ಲದೆ ತೇಲಿಕೊಂಡೇ ಬದುಕುತ್ತದೆ. ಬಾತುಗಳಿಗೆ ಅದೆಂದರೆ ಪ್ರಾಣ, ಅದಕ್ಕೇ ಆ ಹೆಸರು. ನೀರಿನ ಕೊಳೆಯನ್ನೇ ಉಂಡು ಎರಡು ಮೂರು ದಿನಕ್ಕೆಲ್ಲ ಒಂದಿದ್ದದ್ದು ಎರಡಾಗುತ್ತದೆ. ಆದರೆ ಪೂರ್ತಿ ಮುಚ್ಚಲು ಬಿಟ್ಟರೆ ಕೆಳಗಿನ ಮೀನಿಗೆ ಉಸಿರು ಕಟ್ಟುತ್ತದೆ. ಅದಕ್ಕಿಂತ ದೊಡ್ಡ ಕೇಡೆಂದರೆ, ದಡ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎನ್ನುವುದೇ ಕಣ್ಣಿಗೆ ತಿಳಿಯುವುದಿಲ್ಲ. ನೋಡಿದರೆ ಹುಲ್ಲುಹಾಸು, ಕಾಲಿಟ್ಟರೆ ಎರಡಾಳು ಆಳ.

ಅದಕ್ಕಾಗಿ ದಿನಾ ಬೆಳಿಗ್ಗೆ ದಡದುದ್ದಕ್ಕೂ ಒಂದು ಮಾರಗಲ ಸೊಪ್ಪು ಸರಿಸಿ, ಕರಿ ನೀರು ಕಾಣುವಂತೆ ಮಾಡಬೇಕಿತ್ತು. ಆ ಕೆಲಸ ಒಬ್ಬ ಹೆಂಗಸಿನದು; ಮೊದಲು ಅವಳ ಗಂಡ ಮಾಡುತ್ತಿದ್ದ, ಅವನು ತೀರಿಹೋದ ಮೇಲೆ ಅವಳಿಗೆ ಬಂತು. ಉದ್ದ ಗಳದ ತುದಿಗೆ ಅಡ್ಡ ಹಲಗೆ ಕಟ್ಟಿ ಸೊಪ್ಪನ್ನು ಮೂಲೆಗೆ ನೂಕುವುದು, ಬುಟ್ಟಿಯಲ್ಲಿ ಮೊಗೆದು ಬಾತುಗಳಿಗೆ ಸುರಿಯುವುದು. ಎಲ್ಲರೂ ನೆತ್ತಿಯ ಮೇಲೆ ಬೈತಲೆ ತೆಗೆದರೆ ಇವಳೊಬ್ಬಳು ಕೊಳಕ್ಕೆ ಕಿವಿಯ ಪಕ್ಕ ತೆಗೆಯುತ್ತಾಳೆ ಎಂದು ಕಾರ್ಖಾನೆಯವರು ನಗುತ್ತಿದ್ದರು. ಕೊನೆಗೆ ಬೈತಲೆಯಕ್ಕ ಎಂಬ ಹೆಸರೇ ನಿಂತಿತು. ಅವಳೇನು ಕಡಿಮೆಯೇ, ನಿಮ್ಮ ಬೋಳುತಲೆಗಿಂತ ನನ್ನ ಕೊಳವೇ ವಾಸಿ ಎಂದು ಮೇಸ್ತ್ರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು.

ಅವಳು ಕೆಲಸ ಬಿಡುವ ಹೊತ್ತಿಗೆ ಆ ನಗು ಹೋಗಿ ಹನ್ನೊಂದು ವರ್ಷವಾಗಿತ್ತು. ನಗು ನಿಂತ ಆ ವರ್ಷ ಕೊಳದ ಪಕ್ಕದ ಮನೆಯಲ್ಲಿ ಅವಳ ಜೊತೆ ಮೈದುನ, ಅವನ ಹೆಂಡತಿ, ಅವರ ನಾಲ್ಕು ವರ್ಷದ ಪುಟ್ಟಿ ಇದ್ದರು. ಒಂದು ಮಧ್ಯಾಹ್ನ ಪುಟ್ಟಿ ಹಸಿರಿನ ಮೇಲೆ ನಡೆದುಬಿಟ್ಟಳು. ಎತ್ತಿದಾಗ ಕೂದಲ ತುಂಬ ಆ ಸಣ್ಣ ಎಲೆಗಳು. ವಾರಗಿತ್ತಿ ಒಂದೊಂದನ್ನೇ ಬಿಡಿಸುತ್ತ ಕೂತಿದ್ದಳು, ಯಾರು ಕರೆದರೂ ಏಳಲಿಲ್ಲ.

ಮ್ಯಾನೇಜರು ಬಂದು ಕೇಳಿದಾಗ ಬೈತಲೆಯಕ್ಕ, ಬೆಳಿಗ್ಗೆಯೇ ತೆಗೆದಿದ್ದೆ, ಗಾಳಿ ತಿರುಗಿ ಮತ್ತೆ ತಂದು ಹಾಕಿತು ಅಂದಳು. ಗಾಳಿ ಹಾಗೆ ಮಾಡುವುದು ಎಲ್ಲರಿಗೂ ಗೊತ್ತಿದ್ದದ್ದೇ, ಎಲ್ಲರೂ ನಂಬಿದರು. ಅವಳು ಆ ದಿನ ಗಳ ಮುಟ್ಟಿಯೇ ಇರಲಿಲ್ಲ.

ಅಂದಿನಿಂದ ವಾರಗಿತ್ತಿ ಮನೆಯಲ್ಲಿ ಉಪ್ಪು, ನೀರು, ಬೀಗದ ಕೈ, ಇಷ್ಟಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದಳು. ಮಗುವಿನ ಹೆಸರೆತ್ತುವವರೇ ಇರಲಿಲ್ಲ. ಬೈತಲೆಯಕ್ಕ ಮಾತ್ರ ದಿನಕ್ಕೆ ಮೂರು ಸಲ ಅಂಚು ಬಿಡಿಸುತ್ತಿದ್ದಳು. ಜ್ವರವಿದ್ದರೂ ಬಿಡಲಿಲ್ಲ, ಅಂಗೈ ಒಡೆದು ರಕ್ತ ಬಂದರೂ ಬಿಡಲಿಲ್ಲ.

ಕೆಲಸ ಬಿಡುವ ದಿನ ಕಾರ್ಖಾನೆಯ ಅಂಗಳದಲ್ಲಿ ಅವಳಿಗೊಂದು ಕಂಬಳಿ ಹೊದಿಸಿದರು. ಮ್ಯಾನೇಜರು ಅವಳ ನಿಯತ್ತನ್ನು ಬಾಯ್ತುಂಬ ಹೊಗಳಿ, ಇಷ್ಟು ವರ್ಷದಲ್ಲಿ ಒಂದೇ ಒಂದು ದಿನ ಗಾಳಿ ಅವಳಿಗೆ ಮೋಸ ಮಾಡಿತು ಎಂದರು. ಹಿಂದಿನ ಬೆಂಚಿನಲ್ಲಿ ವಾರಗಿತ್ತಿ ಕೂತಿದ್ದಳು. ಬೈತಲೆಯಕ್ಕನಿಗೆ ಕಂಬಳಿ ಮೈ ಸುಟ್ಟಂತಾಯಿತು. ಇವತ್ತು ಹೇಳದಿದ್ದರೆ ಇನ್ನು ಹೇಳುವುದು ಹೆಣವಾದ ಮೇಲೆಯೇ ಎನ್ನಿಸಿತು. ಹೇಳಿದರೆ ಒಂದೇ ಸೂರಿನಡಿ ಇರುವುದು ಸಾಧ್ಯವೇ? ಇರುವ ನೆಂಟಸ್ತಿಕೆಯೆಲ್ಲ ಆ ಮನೆಯೇ, ಬೇರೆ ಹೋಗಲು ದಿಕ್ಕಿಲ್ಲ.

ಮನೆಗೆ ಬಂದವಳು ಸೀದಾ ಅಡುಗೆಮನೆಗೆ ಹೋದಳು. ಮುಂಚೆಯೇ ಬಂದಿದ್ದ ವಾರಗಿತ್ತಿ ಒಲೆಯ ಮುಂದೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅವತ್ತು ಗಾಳಿ ತಿರುಗಿರ್ಲಿಲ್ಲ ಕಣೇ. ನಾನು ಸೊಪ್ಪು ತೆಗ್ದೇ ಇರ್ಲಿಲ್ಲ."

ವಾರಗಿತ್ತಿ ತಲೆಯೆತ್ತಲಿಲ್ಲ. "ಗೊತ್ತು."

"ಏನು ಗೊತ್ತು?"

"ಗಾಳಿ ತಂದ ಸೊಪ್ಪು ದಡಕ್ಕೆ ಬಂದು ಮಡಿಕೆ ಮಡಿಕೆಯಾಗಿ ಬೀಳುತ್ತೆ, ಒಂದರ ಮೇಲೊಂದು. ಅವತ್ತು ಹಾಸಿದ ಹಾಗಿತ್ತು. ಭಾವನವರು ಇದ್ದಾಗಿಂದ ಅದೇ ಕೊಳ ನೋಡ್ತಿದೀನಿ ಅಕ್ಕಾ, ನಂಗೆ ಅಷ್ಟೂ ತಿಳಿಯಲ್ವಾ?"

ಬೈತಲೆಯಕ್ಕ ಒಲೆಯ ಇನ್ನೊಂದು ಪಕ್ಕ ಕೂತಳು. ತಾನು ಬಚ್ಚಿಟ್ಟದ್ದನ್ನು ಇವಳು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೇ ತನಗೆ ಅನ್ನ ಬಡಿಸಿದ್ದಳು.

"ಯಾಕೆ ತೆಗೀಲಿಲ್ಲ?" ವಾರಗಿತ್ತಿ ಕೇಳಿದಳು. "ಅದೊಂದು ಹೇಳು."

ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಬೈತಲೆಯಕ್ಕ ಹುಡುಕಿ ನೋಡಿದಳು, ಇರಲಿಲ್ಲ.

"ಏನೂ ಇಲ್ಲ ಕಣೇ. ಬೇಜಾರಾಗಿತ್ತು. ಸುಮ್ನೆ ಕೂತಿದ್ದೆ."

ವಾರಗಿತ್ತಿ ಕೈಯಲ್ಲಿದ್ದ ಬೆಳ್ಳುಳ್ಳಿ ಸುಲಿದು ಮುಗಿಸಿದಳು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ನಂಗೂ ಅವತ್ತು ಬೇಜಾರಾಗಿತ್ತು. ಒಂದೇ ಸಮ ರಗಳೆ ಮಾಡ್ತಿದ್ಳು. ಹೋಗೇ ಆಚೆ ಅಂತ ಹೊರಗೆ ಬಿಟ್ಟು ಚಿಲಕ ಹಾಕ್ಕೊಂಡೆ. ಇದನ್ನ ಅವರಿಗೂ ಹೇಳಿಲ್ಲ," ಅಂದಳು.

ಯಾರೂ ಯಾರನ್ನೂ ಕ್ಷಮಿಸು ಎಂದು ಕೇಳಲಿಲ್ಲ. ಇಬ್ಬರೂ ಅತ್ತರು, ಒಬ್ಬರನ್ನೊಬ್ಬರು ನೋಡದೆ. ಒಲೆಯ ಮೇಲಿನದು ತಳ ಹಿಡಿದ ವಾಸನೆ ಬಂದಾಗ ಬೈತಲೆಯಕ್ಕ ಎದ್ದು ಪಾತ್ರೆ ಇಳಿಸಿದಳು.

"ನಿನ್ನ ಹಿಂದೇನೇ ತಿರುಗ್ತಿದ್ಳಲ್ಲ ಅಕ್ಕಾ," ಅಂದಳು ವಾರಗಿತ್ತಿ. "ನಾನು ಕಾಣದ್ದು ಏನಾದ್ರೂ ಹೇಳು."

ಬೈತಲೆಯಕ್ಕ ನೆನೆಸಿಕೊಂಡು ಹೇಳಿದಳು. ಬಾತಿಗೆ ಸೊಪ್ಪು ಕೊಡುವ ಮುಂಚೆ ಪುಟ್ಟಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಉಫ್ ಉಫ್ ಎಂದು ಊದುತ್ತಿದ್ದಳು, ಬಾಯಿ ಸುಟ್ಟೀತು ಎಂದು.

"ಇದು ನಂಗೆ ಗೊತ್ತೇ ಇರ್ಲಿಲ್ಲ," ಅಂದಳು ವಾರಗಿತ್ತಿ. ಮಣೆಯನ್ನು ಹತ್ತಿರಕ್ಕೆಳೆದುಕೊಂಡಳು. "ಇನ್ನೊಂದು ಹೇಳು."