ಶೋಕಿಯ ಸೈಲೆನ್ಸರ್

ಗಿರಾಕಿಗೆ ತಲುಪಿಸಬೇಕಿದ್ದ ದುಬಾರಿ ಕಾರನ್ನು ಕೂಟಗಲ್ ಹಳ್ಳಿಯ ಓಣಿಯಲ್ಲಿ ತಿರುಗಿಸುತ್ತಿದ್ದೆ. ರೇಷ್ಮೆ ಹುಳು ಸಾಕಿದ್ದ ಮನೆಯಿಂದ ಹೆಂಗಸೊಬ್ಬರು ಓಡಿಬಂದರು.

"ಆಫ್ ಮಾಡಪ್ಪ! ಹುಳ ಗೂಡು ಕಟ್ತಾ ಅವೆ. ಹೊಗೆ ತಾಗಿದ್ರೆ ನಿಲ್ಲಿಸ್‌ಬುಡ್ತವೆ."

ಆಫ್ ಮಾಡಿದೆ. ಹಿಂಬದಿಯಲ್ಲಿ ಹೊಳೆಯುತ್ತಿದ್ದ ಎರಡು ಸೈಲೆನ್ಸರ್ ಬಾಯಿಗೂ ಅವರು ಕೈಲಿದ್ದ ಒದ್ದೆ ಗೋಣಿ ತುರುಕಲು ನೋಡಿದರು.

"ತೂತೇ ಇಲ್ವಲ್ಲಪ್ಪ!"

"ಅದು ಬರೀ ಶೋಕಿಗಮ್ಮ. ಹೊಗೆ ಬರೋ ಕೊಳವೆ ಕೆಳಗಿದೆ, ಕಾಣಲ್ಲ."

"ಹೊಗೆ ಬರೋದ್ನ ಬಚ್ಚಿಟ್ಟು, ಬರ್ದೇ ಇರೋದ್ಕೆ ಸಿಂಗಾರ ಮಾಡವ್ರಾ?"

ಎಂಜಿನ್ ಚಾಲೂ ಮಾಡದೆ, ಕಾರನ್ನು ನ್ಯೂಟ್ರಲ್‌ಗೆ ಹಾಕಿ ಸ್ಟೇರಿಂಗ್ ಹಿಡಿದೆ. ಆಕೆಯೂ ಮನೆಯಿಂದ ಬಂದ ಗಂಡನೂ ಹಿಂದಿನಿಂದ ತಳ್ಳಿದರು. ಮನೆಯೊಳಗೆ ಕೂಸು ಮಲಗಿದೆಯೇನೋ ಎಂಬಂತೆ ಆಕೆ ಪಿಸುಗುಟ್ಟುತ್ತಿದ್ದರು: "ಮೆಲ್ಲಕೆ ಕಣಪ್ಪ, ಒಸಿ ಮೆಲ್ಲಕೆ." ಕಾರು ಹುಳುಗಳ ಮನೆಯ ಕಿಟಕಿ ದಾಟಿತು.

ಸದ್ದೇ ಇಲ್ಲದ ಪಯಣ ಎಂದು ಜಾಹೀರಾತಿನಲ್ಲಿ ಬರೆದಿರುತ್ತಾರೆ. ಆ ಕಾರು ಹಾಗೆ ಸಾಗಿದ್ದನ್ನು ನಾನು ಕಂಡದ್ದು ಆ ಓಣಿಯಲ್ಲಿ ಮಾತ್ರ.